ಮನೆಯಲ್ಲೇ ಕೂತು ಜರ್ಮನ್: ಮಗಳಿಗಾಗಿ ನಾವು ಹಿಡಿದು ನೋಡಿದ ಮೂರು ದಾರಿಗಳು

ನನ್ನ ಮಗಳು ಎಂಟನೇ ತರಗತಿಗೆ ಸೇರಿದ ಜೂನ್ ತಿಂಗಳಿನಿಂದ ಇಲ್ಲಿಯವರೆಗೆ, ಅವಳಿಗೆ ದೂರಶಿಕ್ಷಣದ ಮೂಲಕ ಜರ್ಮನ್ ಕಲಿಸಲು ನಾವು ಮೂರು ದಾರಿಗಳನ್ನು ಹಿಡಿದು ನೋಡಿದ್ದೇವೆ. ಮೊದಲನೆಯದು ಖಾಸಗಿ ಸಂಸ್ಥೆಯೊಂದರ ಆನ್‌ಲೈನ್ ಗುಂಪು ತರಗತಿ, ಎರಡನೆಯದು ಮೊಬೈಲ್ ಆ್ಯಪ್ ಮತ್ತು ಉಚಿತ ಅಂತರ್ಜಾಲ ಪಾಠ, ಮೂರನೆಯದು ವಾರಕ್ಕೆರಡು ದಿನ ಒಬ್ಬ ಶಿಕ್ಷಕಿ ಅವಳೊಬ್ಬಳಿಗೇ ವಿಡಿಯೊ ಮೂಲಕ ಹೇಳಿಕೊಡುವ ಪಾಠ. ಈಗಲೂ ನಡೆಯುತ್ತಿರುವುದು ಮೂರನೆಯದು. ಮೊದಲನೆಯದಕ್ಕೆ 24,000 ರೂಪಾಯಿಯನ್ನು ಒಂದೇ ಕಂತಿನಲ್ಲಿ ಕಟ್ಟಿ ಕೈ ಸುಟ್ಟುಕೊಳ್ಳದೇ ಇದ್ದಿದ್ದರೆ ಇದಕ್ಕೇ ಮೊದಲು ಬರುತ್ತಿದ್ದೆವು.

ಅವಳ ಶಾಲೆ ರಾಜ್ಯ ಪಠ್ಯಕ್ರಮದ್ದು. ಕನ್ನಡ, ಇಂಗ್ಲಿಷ್, ಹಿಂದಿ ಮೂರೇ ಭಾಷೆಗಳು ಅಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಯ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಪಟ್ಟಿಯಲ್ಲಿ ಜರ್ಮನ್, ಫ್ರೆಂಚ್, ಜಪಾನಿ, ಕೊರಿಯನ್ ಮುಂತಾದವುಗಳ ಹೆಸರಿದ್ದರೂ, ನಮ್ಮ ಬಡಾವಣೆಯ ಶಾಲೆಯಲ್ಲಿ ಅದಕ್ಕೆ ಅಧ್ಯಾಪಕರಿಲ್ಲ. ಜರ್ಮನ್ ಕಲಿಸುವ ಗಯಟೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿನ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿದೆ. ನಾವಿರುವುದು ಬನಶಂಕರಿಯ ಕಡೆ. ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ ಹೋಗಿಬರಬಹುದು, ನಿಜ. ಆದರೆ ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬರುವ ಹುಡುಗಿಯನ್ನು ವಾರಕ್ಕೆ ಮೂರು ಸಲ ನಗರದ ಆ ತುದಿಗೆ ಕರೆದೊಯ್ದು, ರಾತ್ರಿ ವಾಪಸು ಕರೆತಂದು, ಆಮೇಲೆ ಶಾಲೆಯ ಹೋಂವರ್ಕ್ ಮಾಡಿಸುವುದು ಉದ್ಯೋಗದಲ್ಲಿರುವ ನನ್ನಿಂದ ಆಗದ ಮಾತಾಗಿತ್ತು.

ಜರ್ಮನ್ ಭಾಷೆಯೇ ಏಕೆ ಎಂದು ಬಂಧುಗಳು ಕೇಳುತ್ತಾರೆ. ನಾನು ಪ್ರೌಢಶಾಲೆಯ ಕನ್ನಡ ಅಧ್ಯಾಪಕಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟಿನ ಮರುಮುದ್ರಣ ನಮ್ಮ ಮನೆಯಲ್ಲಿ ದಿನವೂ ತೆರೆದುಕೊಳ್ಳುವ ಪುಸ್ತಕ. ಜರ್ಮನಿಯಿಂದ ಬಂದವರು ಕನ್ನಡದ ಎಪ್ಪತ್ತು ಸಾವಿರದಷ್ಟು ಶಬ್ದಗಳಿಗೆ ಅರ್ಥ ಬರೆದರು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಎಂ.ಜಿ. ರಸ್ತೆಯಲ್ಲಿರುವ ಅವರ ಪ್ರತಿಮೆಯನ್ನು ನೋಡಿ ಬಂದ ದಿನವೇ ಅವಳು ಆ ಭಾಷೆ ಕಲಿಯಬೇಕೆಂದಳು. ಮುಂದೆ ಅದರಿಂದ ಉದ್ಯೋಗ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಗುಂಪು ತರಗತಿ ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರೂವರೆಯಿಂದ ಏಳೂವರೆಯವರೆಗೆ ನಡೆಯುತ್ತಿತ್ತು. ಹದಿನೆಂಟು ಮಕ್ಕಳಿದ್ದರು. ಶಿಕ್ಷಕಿ ಚೆನ್ನಾಗಿ ಓದಿಕೊಂಡವರು, ಪಾಠವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಗದ್ದಲವಾಗಬಾರದೆಂದು ಎಲ್ಲ ಮಕ್ಕಳ ಮೈಕುಗಳನ್ನೂ ಸಂಸ್ಥೆಯವರು ಮುಚ್ಚಿಸಿರುತ್ತಿದ್ದರು. ಹಾಜರಿ, ಹಿಂದಿನ ಪಾಠದ ಮೆಲುಕು, ಹೊಸ ಪಾಠದ ವಿವರಣೆ ಕಳೆದು ಉಳಿಯುವ ಸಮಯವನ್ನು ಹದಿನೆಂಟು ಮಕ್ಕಳಿಗೆ ಹಂಚಿದರೆ, ನನ್ನ ಮಗಳು ಬಾಯಿಬಿಟ್ಟು ಜರ್ಮನ್ ಆಡುತ್ತಿದ್ದದ್ದು ದಿನಕ್ಕೆ ಎರಡು ನಿಮಿಷ. ಇದನ್ನು ನಾನು ಪಕ್ಕದಲ್ಲಿ ಕೂತು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಎರಡು ವಾರ ಕಳೆದ ಮೇಲೆ ಬಿಟ್ಟರೆ ಹಣ ವಾಪಸಿಲ್ಲ ಎಂಬುದು ಅವರ ನಿಯಮವಾದ್ದರಿಂದ ಎಂಟು ತಿಂಗಳೂ ಮುಗಿಸಿದೆವು.

ಆ ಎಂಟು ತಿಂಗಳಲ್ಲಿ ಯಾರ ಗಮನಕ್ಕೂ ಬಾರದೆ ಉಳಿದ ಒಂದು ತೊಡಕನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಈ ಹೋಲಿಕೆಯನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ಜರ್ಮನ್‌ನಲ್ಲಿ ಕನ್ನಡದಲ್ಲಿಲ್ಲದ ಒಂದು ಧ್ವನಿಯಿದೆ. ‘ನಾನು’ ಎಂಬ ಅರ್ಥದ ಪದ ಮುಗಿಯುವುದೇ ಆ ಧ್ವನಿಯಿಂದ. ಹಾಗಾಗಿ ಮೊದಲ ಪಾಠದ ಮೊದಲ ವಾಕ್ಯದಲ್ಲೇ ಅದು ಎದುರಾಗುತ್ತದೆ. ನಾಲಿಗೆಯನ್ನು ಯಕಾರ ಹೇಳುವ ಜಾಗದಲ್ಲಿಟ್ಟು, ಕಂಠವನ್ನು ನುಡಿಸದೆ ಉಸಿರನ್ನು ಮಾತ್ರ ಹೊರಬಿಟ್ಟರೆ ಅದು ಬರುತ್ತದೆ. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ‘ಹ್ಯ’ ಎಂದು ಬರೆದರೆ ತಕ್ಕಮಟ್ಟಿಗೆ ಹತ್ತಿರ ಬಂದಂತೆ. ಶಕಾರ ಅವರಲ್ಲಿ ಬೇರೆಯೇ ಇದೆ, ಮತ್ತು ಎರಡೂ ಅದಲುಬದಲಾದರೆ ಅರ್ಥ ಕೆಡುತ್ತದೆ. ‘ಕಿರ್‌ಹ್ಯೆ’ ಎಂದರೆ ಚರ್ಚು, ‘ಕಿರ್ಶೆ’ ಎಂದರೆ ಚೆರ್ರಿ ಹಣ್ಣು. ನನ್ನ ಮಗಳು ಎಂಟು ತಿಂಗಳು ಎರಡನ್ನೂ ‘ಕಿರ್ಶೆ’ ಎಂದೇ ಹೇಳಿದಳು. ತನ್ನ ಎರಡು ನಿಮಿಷದಲ್ಲಿ ಅವಳು ವಾಕ್ಯವನ್ನು ಸರಿಯಾದ ಕ್ರಮದಲ್ಲಿ ಹೇಳುತ್ತಿದ್ದಳು, ಶಿಕ್ಷಕಿ ‘ಬಹಳ ಚೆನ್ನಾಗಿದೆ’ ಎಂದು ಮುಂದಿನ ಮಗುವಿನ ಹೆಸರು ಕೂಗುತ್ತಿದ್ದರು.

ಮೂರನೆಯ ದಾರಿಗೆ ಬಂದಾಗ, ಹೊಸ ಶಿಕ್ಷಕಿ ಎರಡನೆಯ ಪಾಠದಲ್ಲೇ ಅವಳನ್ನು ತಡೆದರು. ಎರಡೂ ಪದಗಳನ್ನು ಒಂದಾದ ಮೇಲೊಂದು ಹೇಳಿ, ಯಾವುದು ಯಾವುದೆಂದು ಗುರುತಿಸಲು ಹೇಳಿದರು. ಅವಳಿಗೆ ಆಗಲಿಲ್ಲ. ಅವರು ಇನ್ನೂ ನಿಧಾನವಾಗಿ ಹೇಳಿದರು. “ಅಮ್ಮಾ, ಮೇಡಂ ಎರಡನ್ನೂ ಒಂದೇ ಥರ ಹೇಳ್ತಿದಾರೆ,” ಎಂದು ಅವಳು ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. ಅವಳ ಒಂದು ಕಿವಿಯ ಬ್ಲೂಟೂತ್ ಇಯರ್‌ಫೋನನ್ನು ನಾನು ತೆಗೆದು ಹಾಕಿಕೊಂಡೆ. ನನಗೂ ಎರಡೂ ಒಂದೇ ಥರ ಕೇಳಿಸಿತು. ಶಕಾರ, ಷಕಾರ, ಸಕಾರಗಳ ಭೇದವನ್ನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ತಿದ್ದುತ್ತ ಬಂದ ನನ್ನ ಕಿವಿಗೂ ಅದು ತಿಳಿಯಲಿಲ್ಲ ಎಂದಾಗ, ಕೊರತೆ ಮಗುವಿನದಲ್ಲ ಎಂಬುದು ಖಚಿತವಾಯಿತು. ಶಿಕ್ಷಕಿ ಪಾಠ ನಿಲ್ಲಿಸಿ, ಎರಡು ಪದಗಳನ್ನೂ ಫೋನಿನಲ್ಲಿ ದಾಖಲಿಸಿ ವಾಟ್ಸ್‌ಆ್ಯಪ್‌ಗೆ ಧ್ವನಿ ಸಂದೇಶವಾಗಿ ಕಳಿಸಿದರು. ಅದನ್ನು ಫೋನಿನ ಸ್ಪೀಕರಿನಲ್ಲೇ ಕೇಳಿದೆವು. ಭೇದ ಸ್ಪಷ್ಟವಾಗಿತ್ತು.

ಧ್ವನಿಮುದ್ರಣದ ಕೆಲಸದಲ್ಲಿರುವ ನನ್ನ ತಮ್ಮನನ್ನು ಕೇಳಿದಾಗ ಕಾರಣ ತಿಳಿಯಿತು. ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಕೇಳುವಾಗ ಧ್ವನಿ ಪೂರ್ಣವಾಗಿ ಬರುತ್ತದೆ. ಅದರಲ್ಲೇ ಇರುವ ಮೈಕು ಚಾಲೂ ಆದೊಡನೆ ಅದು ಫೋನ್ ಕರೆಯ ರೀತಿಗೆ ಇಳಿಯುತ್ತದೆ. ನಮ್ಮದರಂತಹ ಹಳೆಯ ಸಾಧನಗಳಲ್ಲಿ ಆಗ 4,000 ಹರ್ಟ್ಸ್‌ಗಿಂತ ಮೇಲಿನ ಧ್ವನಿ ಹಾದುಹೋಗುವುದೇ ಇಲ್ಲ. ಸ್ವರಗಳಿಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ, ಆದರೆ ಉಸಿರನ್ನು ಉಜ್ಜಿ ಹೊರಡಿಸುವ ಊಷ್ಮ ಧ್ವನಿಗಳ ಗುರುತು ಬಹುಪಾಲು ಇರುವುದು ಆ ಮೇಲಿನ ಭಾಗದಲ್ಲಿಯೇ. ಮಾತೃಭಾಷೆಯಲ್ಲಾದರೆ ಅರ್ಥದ ಬಲದಿಂದ ಮನಸ್ಸೇ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಹೊಸ ಭಾಷೆ ಕಲಿಯುವ ಮಗುವಿಗೆ ತುಂಬಿಕೊಳ್ಳಲು ಏನೂ ಇರುವುದಿಲ್ಲ. ಇದಕ್ಕೆ ಮೇಲಾಗಿ, ಫ್ಯಾನಿನ ಸದ್ದನ್ನು ಅಡಗಿಸಲೆಂದು ವಿಡಿಯೊ ತಂತ್ರಾಂಶದಲ್ಲಿ ಇರುವ ವ್ಯವಸ್ಥೆ ಅದೇ ಬಗೆಯ ಉಸಿರಿನ ಧ್ವನಿಯನ್ನು ಗದ್ದಲವೆಂದು ತಿಳಿದು ಒರೆಸಿಬಿಡಬಹುದಂತೆ.

ಪರಿಹಾರಕ್ಕೆ ಖರ್ಚಾದದ್ದು 350 ರೂಪಾಯಿ. ತಂತಿಯ ಇಯರ್‌ಫೋನ್ ತಂದೆವು, ಸದ್ದು ಅಡಗಿಸುವ ವ್ಯವಸ್ಥೆಯನ್ನು ಕನಿಷ್ಠಕ್ಕೆ ಇಳಿಸಿದೆವು, ಪಾಠದ ವೇಳೆ ಫ್ಯಾನ್ ಆರಿಸಿದೆವು. ಕಿವಿ ಮೂರು ದಿನದಲ್ಲಿ ಸರಿಹೋಯಿತು, ನಾಲಿಗೆ ತಿರುಗಲು ಎರಡು ತಿಂಗಳು ಹಿಡಿಯಿತು. ಈ ತೊಡಕು ಗುಂಪು ತರಗತಿ ಸೃಷ್ಟಿಸಿದ್ದಲ್ಲ, ಇಯರ್‌ಫೋನ್ ನಾವೇ ಕೊಂಡದ್ದು. ಆದರೆ ಇಡೀ ಎಂಟು ತಿಂಗಳಲ್ಲಿ ಅದು ಬಯಲಾಗುವಷ್ಟು ಹೊತ್ತು ಯಾರೂ ನನ್ನ ಮಗಳ ಮಾತನ್ನು ಕೇಳಿಸಿಕೊಂಡಿರಲಿಲ್ಲ ಎಂಬುದೇ ನನ್ನ ಅಸಮಾಧಾನ. ತರಗತಿಯಲ್ಲಿ ಎದುರಿಗೆ ನಿಂತ ಅಧ್ಯಾಪಕಿಗೆ ಮಗು ಹಕಾರ ನುಂಗಿದ್ದು ಮೂರನೆಯ ಬೆಂಚಿನಿಂದಲೂ ಕೇಳಿಸುತ್ತದೆ. ದೂರದ ಪಾಠದಲ್ಲಿ ಅದಕ್ಕೆ ಬೇರೆಯೇ ಏರ್ಪಾಡು ಬೇಕಾಗುತ್ತದೆ.

ಎರಡನೆಯ ದಾರಿಯನ್ನು ಬೇಸಿಗೆ ರಜೆಯಲ್ಲಿ, ಖರ್ಚಿಲ್ಲದೆ ನಡೆಯುವುದಾದರೆ ನಡೆಯಲಿ ಎಂದು ಆರಿಸಿಕೊಂಡೆವು. ಆ್ಯಪ್‌ನಲ್ಲಿ ಅವಳು ಒಂದು ದಿನವೂ ಬಿಡದೆ ಎಪ್ಪತ್ತು ದಿನ ಅಭ್ಯಾಸ ಮಾಡಿದಳು, ಶಬ್ದಸಂಪತ್ತೂ ಬೆಳೆಯಿತು. ಆದರೆ ಪರದೆಯ ಮೇಲಿನ ಪದಗಳನ್ನು ಮುಟ್ಟಿ ಜೋಡಿಸಬಲ್ಲವಳಿಗೆ ಖಾಲಿ ಹಾಳೆಯ ಮೇಲೆ ಮನೆಯ ವಿಳಾಸದ ಬಗ್ಗೆ ಎರಡು ವಾಕ್ಯ ಬರೆಯಲು ಆಗಲಿಲ್ಲ. ‘ಕಿರ್‌ಹ್ಯೆ’ ಎನ್ನಬೇಕಾದಲ್ಲಿ ಅವಳು ‘ಕಿರ್ಶೆ’ ಎಂದರೂ ಆ್ಯಪ್ ಹಸಿರು ಗುರುತನ್ನೇ ತೋರಿಸುತ್ತಿತ್ತು.

ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಡಾಯ್ಚ ವೆಲ್ಲೆಯ ಉಚಿತ ಪಾಠಮಾಲೆಯ ಮಾತು ಬೇರೆ. ಭಾಷೆ ಕಲಿಕೆಯ ಮೊದಲ ಮೂರು ಹಂತಗಳಾದ ಎ1, ಎ2, ಬಿ1ಕ್ಕೆ ಅಲ್ಲಿ ಪಾಠಗಳಿವೆ. ಸ್ಪೇನಿನಿಂದ ಬಂದ ಯುವಕನೊಬ್ಬ ವಿಮಾನ ನಿಲ್ದಾಣದಲ್ಲಿ ಚೀಲ ಕಳೆದುಕೊಳ್ಳುವಲ್ಲಿಂದ ಶುರುವಾಗುವ ಕಥೆಯನ್ನು ಪುಟ್ಟ ಪುಟ್ಟ ದೃಶ್ಯಗಳಲ್ಲಿ ತೋರಿಸುತ್ತಾರೆ. ಮಾತು ಸಹಜ, ಧ್ವನಿ ಸ್ವಚ್ಛ. ಯಾವ ದಾರಿ ಹಿಡಿದವರಿಗೂ ಇದನ್ನು ನಾನು ಹೇಳುತ್ತೇನೆ. ಆದರೂ ಹದಿಮೂರು ವರ್ಷದ ಹುಡುಗಿ ತಾನೇ ತಾನಾಗಿ ಕೂತು ಅದನ್ನು ಮುಗಿಸುತ್ತಾಳೆಂಬ ನಂಬಿಕೆ ನನಗಿರಲಿಲ್ಲ, ಅವಳು ಮುಗಿಸಲೂ ಇಲ್ಲ.

ಈ ನಡುವೆ ಜರ್ಮನಿಯಲ್ಲೇ ನೆಲೆಸಿರುವ ಕನ್ನಡತಿಯೊಬ್ಬರ ಬಳಿ ಎರಡು ಪಾಠ ಕೇಳಿದ್ದೂ ಉಂಟು. ಅವರಿಗೆ ಅನುಕೂಲವಾದ ಮಧ್ಯಾಹ್ನ ಎರಡು ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಐದೂವರೆ. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಗಡಿಯಾರ ಹಿಂದೆ ಸರಿಸಿದ ಮೇಲೆ ಅದೇ ಪಾಠ ಆರೂವರೆಗೆ ಜಾರುತ್ತದೆ, ಆ ಹೊತ್ತು ಅವಳ ಗಣಿತದ ಟ್ಯೂಷನ್‌ದು.

ಈಗಿನ ಶಿಕ್ಷಕಿ ಮಲ್ಲೇಶ್ವರದವರು, ನಿವೃತ್ತರು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳರಿಂದ ಮುಕ್ಕಾಲು ಗಂಟೆ ಪಾಠ. ಪಾಠವೊಂದಕ್ಕೆ 450 ರೂಪಾಯಿಯಂತೆ ತಿಂಗಳಿಗೆ 3,600 ಆಗುತ್ತದೆ. ಗುಂಪು ತರಗತಿ ತಿಂಗಳಿಗೆ 3,000 ಬೀಳುತ್ತಿತ್ತು, ಹನ್ನೆರಡು ಪಾಠಗಳಿದ್ದವು. ಕಾಗದದ ಮೇಲೆ ಅದೇ ಅಗ್ಗ. ಆದರೆ ನಾನು ಲೆಕ್ಕ ಹಾಕುವುದು ಮಗು ಮಾತನಾಡಿದ ನಿಮಿಷಗಳಿಂದ. ಅಲ್ಲಿ ತಿಂಗಳಿಗೆ 24 ನಿಮಿಷ ದೊರೆಯುತ್ತಿತ್ತು, ಇಲ್ಲಿ ಪಾಠಕ್ಕೆ ಇಪ್ಪತ್ತೆಂದು ಹಿಡಿದರೂ 160 ನಿಮಿಷ. ಶಾಲೆಯ ಪರೀಕ್ಷೆಯ ವಾರಗಳಲ್ಲಿ ಪಾಠವೂ ಇಲ್ಲ, ಶುಲ್ಕವೂ ಇಲ್ಲ. ತಿಂಗಳ ಸಂಬಳದಲ್ಲಿ ಮನೆ ನಡೆಸುವ ನಮಗೆ ಒಂದೇ ಕಂತಿನ ಭಾರಕ್ಕಿಂತ ಇದು ಹಗುರ.

ಅವರು ಕೈಬರಹವನ್ನು ಬಿಟ್ಟುಕೊಡುವುದಿಲ್ಲ. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿದೆ, ಮತ್ತು ಅದು ನಮ್ಮಲ್ಲಿಯಂತೆ ಅರ್ಥವನ್ನು ಅನುಸರಿಸುವುದಿಲ್ಲ. ‘ಮೇಟ್‌ಹ್ಯೆನ್’ ಎಂದರೆ ಹುಡುಗಿ, ಆದರೆ ಆ ಪದ ನಪುಂಸಕಲಿಂಗ; ಕಿರಿದೆಂದು ಸೂಚಿಸುವ ಆ ಪ್ರತ್ಯಯ ಹತ್ತಿದ ಪದಗಳೆಲ್ಲ ನಪುಂಸಕವಾಗುತ್ತವೆ. ನನ್ನ ಮಗಳ ನೋಟ್‌ಪುಸ್ತಕದಲ್ಲಿ ಪುಲ್ಲಿಂಗದ ಪದಗಳು ನೀಲಿ ಶಾಯಿಯಲ್ಲಿ, ಸ್ತ್ರೀಲಿಂಗದವು ಕೆಂಪಿನಲ್ಲಿ, ನಪುಂಸಕದವು ಹಸಿರಿನಲ್ಲಿವೆ. ಬರೆದ ಪುಟದ ಫೋಟೊ ತೆಗೆದು ರಾತ್ರಿ ಕಳಿಸಿದರೆ ಬೆಳಗ್ಗೆ ಕಾಫಿ ಹೊತ್ತಿಗೆ ತಿದ್ದಿದ ಪುಟ ವಾಪಸು ಬಂದಿರುತ್ತದೆ, ಜೊತೆಗೆ ತಪ್ಪಿದ ಪದದ ಧ್ವನಿ ಸಂದೇಶ. ನನಗೆ ಇಷ್ಟವಾದ ಇನ್ನೊಂದು ಸಂಗತಿಯೆಂದರೆ, ಅವರು ವ್ಯಾಕರಣವನ್ನು ಕನ್ನಡದ ಮೂಲಕ ಹೇಳುತ್ತಾರೆ. ‘ಏಕೆಂದರೆ’ ಎಂಬ ಅರ್ಥದ ‘ವೈಲ್’ ಬಂದಾಗ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ ಎಂಬುದನ್ನು ಇಂಗ್ಲಿಷಿನ ಮೂಲಕ ವಿವರಿಸಲು ಹೆಣಗಬೇಕು. ಕ್ರಿಯಾಪದವನ್ನು ಕೊನೆಗಿಡುವುದೇ ರೂಢಿಯಾಗಿರುವ ಕನ್ನಡದ ಮಗುವಿಗೆ ಒಂದು ಉದಾಹರಣೆ ಸಾಕಾಯಿತು.

ಕೊರತೆಗಳೂ ಇವೆ. ಶಿಕ್ಷಕಿಗೆ ಹುಷಾರಿಲ್ಲದಿದ್ದರೆ ಪಾಠ ನಿಂತಂತೆಯೇ. ಓರಗೆಯ ಮಕ್ಕಳ ಜೊತೆ ಮಾತಿಲ್ಲ. ಹತ್ತರಿಂದ ಹದಿನಾರು ವರ್ಷದವರಿಗಾಗಿ ಗಯಟೆ ಸಂಸ್ಥೆ ನಡೆಸುವ ಎ1 ಹಂತದ ‘ಫಿಟ್ ಇನ್ ಡಾಯ್ಚ್’ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದರ ಜೊತೆ ಮಾತಿನ ಭಾಗವೂ ಇದೆ, ಅದು ಗುಂಪಿನಲ್ಲಿ ನಡೆಯುತ್ತದೆ; ಚೀಟಿಯಲ್ಲಿನ ಪದವನ್ನು ನೋಡಿ ಪಕ್ಕದ ಮಗುವಿಗೆ ಪ್ರಶ್ನೆ ಕೇಳಬೇಕು, ಅವರ ಪ್ರಶ್ನೆಗೆ ಉತ್ತರಿಸಬೇಕು. ಇದಕ್ಕಾಗಿ ಶಿಕ್ಷಕಿ ತಮ್ಮ ಇನ್ನೊಬ್ಬ ವಿದ್ಯಾರ್ಥಿನಿಯನ್ನು ತಿಂಗಳಿಗೊಮ್ಮೆ ಇವಳ ಪಾಠಕ್ಕೆ ಸೇರಿಸಿಕೊಂಡರು. ಒಂಬತ್ತನೇ ತರಗತಿಯಲ್ಲಿ ಅವಳು ಆ ಪರೀಕ್ಷೆಯನ್ನು ಬರೆದು ಪಾಸಾದಳು. ಉಳಿದದ್ದಕ್ಕಿಂತ ಕೇಳುವ ಭಾಗದಲ್ಲಿ ಅಂಕ ಹೆಚ್ಚು ಬಂದದ್ದು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ವಿಷಯ.

ತಾಯಿತಂದೆಯರಿಬ್ಬರೂ ರಾತ್ರಿ ಎಂಟರ ನಂತರ ಮನೆ ಸೇರುವವರಾದರೆ ಗುಂಪು ತರಗತಿಯ ಶಿಸ್ತೇ ಅವರಿಗೆ ಅನುಕೂಲವಾಗಬಹುದು; ಸೇರುವ ಮೊದಲು ಮಕ್ಕಳ ಸಂಖ್ಯೆಯನ್ನೂ ಮೈಕಿನ ನಿಯಮವನ್ನೂ ಕೇಳಿ ತಿಳಿದುಕೊಳ್ಳಲಿ, ಹಣವನ್ನು ಕಂತುಗಳಲ್ಲಿ ಕಟ್ಟಲಿ. ಸಂಜೆ ಏಳಕ್ಕೆ ಮಗುವಿನ ಪಕ್ಕದಲ್ಲಿ ಕೂರುವ ಅಭ್ಯಾಸ ನನಗಿರುವುದರಿಂದ ನಮಗೆ ಈ ದಾರಿ ಹೊಂದಿತು. ಈಗ ಎ2 ನಡೆಯುತ್ತಿದೆ. ಬರುವ ವರ್ಷ ಅವಳಿಗೆ ಎಸ್ಸೆಸ್ಸೆಲ್ಸಿ. ಜನವರಿಯಿಂದ ಪಾಠವನ್ನು ಶುಕ್ರವಾರಕ್ಕೆ ಮಾತ್ರ ಇಳಿಸಿ, ಮಂಗಳವಾರ ಬರಿಯ ಧ್ವನಿ ಸಂದೇಶಗಳಲ್ಲಿ ನಡೆಸುವುದೆಂದು ಶಿಕ್ಷಕಿಯೊಂದಿಗೆ ಮಾತಾಗಿದೆ.