“ಐದು ವರ್ಷ ನಿಶ್ಚಿಂತೆಯಿಂದ ಇರಿ” ಎನ್ನುವ ಮಾಲೀಕರಿಗೆ ಮುಂಗಡ ಕೊಡುವ ಮುನ್ನ

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರು, ಅದರಲ್ಲೂ ಮಕ್ಕಳ ಓದಿಗೆಂದು ಹೊಸನಗರ, ಸಾಗರ, ತೀರ್ಥಹಳ್ಳಿಯ ಕಡೆಯಿಂದ ಬಂದು ನಾಲ್ಕಾರು ವರ್ಷ ಒಂದೇ ಕಡೆ ನೆಲೆ ನಿಲ್ಲಬೇಕೆಂದಿರುವವರು, ಮುಂಗಡ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷಗಳಿಂದ ಕಚೇರಿಯಲ್ಲಿ ಇನ್ನೊಬ್ಬರ ಕಡತಗಳಲ್ಲಿ ತಪ್ಪು ಹುಡುಕುವುದೇ ಕೆಲಸವಾಗಿರುವ ನಾನು, ನನ್ನದೇ ಕರಾರು ಪತ್ರಕ್ಕೆ ಕಾಫಿ ಕುಡಿಯುತ್ತಾ ಸಹಿ ಹಾಕಿದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಗೋಪಾಳದ ಕಡೆ ಎರಡು ಕೋಣೆಯ ಆ ಮನೆಯನ್ನು ದಲ್ಲಾಳಿಯೊಬ್ಬರು ತೋರಿಸಿದರು. ಬಾಡಿಗೆ 11,000 ರೂಪಾಯಿ, ಮುಂಗಡ 60,000, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ಇದರಲ್ಲಿ ಅಸಹಜವಾದದ್ದೇನೂ ಇರಲಿಲ್ಲ. ಮಗಳು ಹತ್ತನೆಯ ತರಗತಿಗೆ ಬರುತ್ತಿದ್ದುದರಿಂದ ನಾನು ಕೇಳಿದ್ದು ಒಂದೇ ಮಾತು, ನಡುವೆ ಬಿಡಿಸುವುದಿಲ್ಲ ತಾನೆ ಎಂದು. ಮಾಲೀಕರು ವಯಸ್ಸಾದವರು, ನಮ್ಮ ಊರ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅವರ ಮನೆ, ತೋಟ ಎಲ್ಲವೂ ಹೋದವಂತೆ. “ನಾವು ಮುಳುಗಡೆಯವರು ಮಾರಾಯ್ರೇ, ಮನೆ ಬಿಡುವ ಸಂಕಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಐದು ವರ್ಷ ನಿಶ್ಚಿಂತೆಯಿಂದ ಇರಿ” ಎಂದರು. ನನ್ನ ತಾಯಿಯ ತವರೂ ಅದೇ ನೀರಿನಡಿಯಲ್ಲಿದೆ. ಅಲ್ಲಿಗೆ ನನ್ನ ವಿವೇಚನೆ ಮುಗಿಯಿತು.

ಕರಾರು ಹನ್ನೊಂದು ತಿಂಗಳದ್ದು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾಗುವುದರಿಂದ ಎಲ್ಲರೂ ಹೀಗೆಯೇ ಬರೆಯಿಸಿ ನವೀಕರಿಸುತ್ತಾ ಹೋಗುತ್ತಾರೆ. ಏಳನೆಯ ಷರತ್ತಿನಲ್ಲಿ, ಉಭಯ ಪಕ್ಷದವರಲ್ಲಿ ಯಾರೇ ಆದರೂ ಒಂದು ತಿಂಗಳ ನೋಟಿಸು ಕೊಟ್ಟು ಕರಾರು ಮುಗಿಸಬಹುದು ಎಂದಿತ್ತು. ಓದಿದ್ದೆ. ಓದಿಯೂ, “ಅದು ಎಲ್ಲಾ ಕರಾರಿನಲ್ಲೂ ಇರುತ್ತದೆ ಸಾರ್” ಎಂಬ ದಲ್ಲಾಳಿಯ ಮಾತಿಗೆ ತಲೆಯಾಡಿಸಿದೆ.

ಪುನರ್ವಸು ಮಳೆ ಹಿಡಿದ ಮೂರನೆಯ ದಿನ ಮಲಗುವ ಕೋಣೆಯ ಪಶ್ಚಿಮದ ಗೋಡೆಯ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಬೆರಳಿಟ್ಟರೆ ಪದರ ಕಳಚಿ, ಅಡಿಯಲ್ಲಿದ್ದ ಹಳೆಯ ಬಣ್ಣದ ಮೇಲೆ ಕಪ್ಪು ಬೂಷ್ಟು ಕಾಣಿಸಿತು; ಅಂದರೆ ಹಿಂದಿನ ಮಳೆಗಾಲದ ಬೂಷ್ಟನ್ನು ಒರೆಸುವ ಗೋಜಿಗೂ ಹೋಗದೆ ಮೇಲೆ ಬಣ್ಣ ಬಳಿದಿದ್ದರು. ಫೋನ್ ಮಾಡಿ ತಿಳಿಸಿದೆ. “ಮಲೆನಾಡಿನವರಾಗಿ ಬೂಷ್ಟಿಗೆ ಹೆದರುತ್ತೀರಾ?” ಎಂದು ನಕ್ಕರು. ನಾನೂ ನಕ್ಕೆ.

ಡಿಸೆಂಬರ್‌ನ ಒಂದು ಭಾನುವಾರ, “ನಮ್ಮ ನೆಂಟರು ಮನೆ ಕಟ್ಟಿಸುತ್ತಿದ್ದಾರೆ, ಸ್ವಲ್ಪ ಅಳತೆ ನೋಡಿಕೊಂಡು ಹೋಗುತ್ತಾರೆ” ಎಂದು ಮಾಲೀಕರು ಫೋನ್ ಮಾಡಿದರು. ಗಂಡ ಹೆಂಡತಿ ಇಬ್ಬರು, ಜೊತೆಗೆ ಟೇಪು ಹಿಡಿದ ಮೇಸ್ತ್ರಿ ಬಂದರು. ನಾವು ಕಾಫಿ, ಹಲಸಿನ ಹಪ್ಪಳ ಕೊಟ್ಟೆವು. ಹಪ್ಪಳ ಕೈಯಲ್ಲಿ ಹಿಡಿದುಕೊಂಡೇ ಆಕೆ ಅದೇ ಪಶ್ಚಿಮದ ಗೋಡೆಯನ್ನು ತಟ್ಟಿ, “ಇದನ್ನು ಒಡೆಸಿ ಕಾಂಪೌಂಡಿನವರೆಗೆ ತೆಗೆದುಕೊಂಡರೆ ಕೋಣೆ ದೊಡ್ಡದಾಗುತ್ತದೆ ಅಲ್ಲವಾ?” ಎಂದು ಗಂಡನನ್ನು ಕೇಳಿದರು. ಗಂಡ ಕಣ್ಣಲ್ಲೇ ಸುಮ್ಮನಿರಿಸಿದರು. ಮೇಸ್ತ್ರಿಗೆ ಅದು ತಿಳಿಯಲಿಲ್ಲ. ಅವನು ಗೋಡೆಯ ಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ಒಂದು ಗೀಟು ಎಳೆದ. ಅವರು ಹೋದ ಮೇಲೆ ನನ್ನ ಹೆಂಡತಿ, “ನೆಂಟರಿಗೆ ಈ ಮನೆಯ ಗೋಡೆ ಒಡೆಯುವ ಮಾತೇಕೆ?” ಎಂದು ಕೇಳಿದಳು. ನಾನು ಆ ಗೀಟನ್ನೇ ನೋಡುತ್ತಾ ನಿಂತಿದ್ದೆ. ಮನೆ ಕೊಳ್ಳುವವರಿಗೆ ನಾವೇ ಕಾಫಿ ಕೊಟ್ಟು ಮನೆ ತೋರಿಸಿದ್ದೆವು. ನಾವೇ ಕೊಟ್ಟಿದ್ದೆವು.

ಸಂಜೆ ಫೋನ್ ಮಾಡಿದಾಗ ಮಾಲೀಕರ ಧ್ವನಿಯಲ್ಲಿ ಅಳುಕಿರಲಿಲ್ಲ. “ಹೌದು, ಕೊಟ್ಟುಬಿಟ್ಟೆವು, ಜನವರಿ ಕೊನೆಗೆ ಬಿಡಿ.” ಮಾರ್ಚ್‌ನಲ್ಲಿ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಿದೆ, ಐದು ವರ್ಷ ಎಂದು ನೀವೇ ಹೇಳಿದ್ದಿರಲ್ಲ ಎಂದೆ. “ಪ್ರೀತಿಯಿಂದ ಹೇಳಿದ ಮಾತನ್ನು ಹಿಡಿದುಕೊಂಡು ಕೂತರೆ ಹೇಗೆ? ಬರೆದುಕೊಟ್ಟಿದ್ದೇನೆಯೇ? ನೀವು ವಿದ್ಯಾವಂತರು, ಏಳನೆಯ ಷರತ್ತು ಓದಿಕೊಳ್ಳಿ” ಎಂದರು. ಷರತ್ತಿನ ಸಂಖ್ಯೆ ಅವರಿಗೆ ಬಾಯಿಪಾಠವಾಗಿತ್ತು.

ಇನ್ನೂ ಕೆಟ್ಟದ್ದು ಆಮೇಲೆ ತಿಳಿಯಿತು. ನನ್ನ ಭಾವಮೈದ ಕರಾರಿನ ಷೆಡ್ಯೂಲಿನಲ್ಲಿದ್ದ ಸ್ವತ್ತಿನ ವಿವರ ಹಾಕಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇ.ಸಿ. ತೆಗೆಸಿದ, ಅಂದರೆ ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ. ಆ ಮನೆಯ ಕ್ರಯದ ಕರಾರು ಫೆಬ್ರವರಿಯಲ್ಲಿ, ನಾವು ಹಾಲುಕ್ಕಿಸುವ ಎರಡು ತಿಂಗಳ ಮೊದಲೇ, ನೋಂದಣಿಯಾಗಿತ್ತು. ಐದು ವರ್ಷ ಇರಿ ಎಂದು ನನ್ನ ತಟ್ಟೆಗೆ ಚಕ್ಕುಲಿ ಹಾಕಿದ ದಿನ ಅವರ ಕೈಯಲ್ಲಿ ಬೇರೆಯವರ ಮುಂಗಡ ಹಣವಿತ್ತು. ಪೂರ್ತಿ ಹಣ ಬರುವವರೆಗೆ ಮನೆ ಖಾಲಿ ಬೀಳಬಾರದೆಂದು ನಮ್ಮನ್ನು ಕೂರಿಸಿದ್ದರು. ಮುಳುಗಡೆಯ ಮಾತನ್ನು ಅದಕ್ಕೆ ಬಳಸಿದ್ದನ್ನು ನಾನು ಕ್ಷಮಿಸಲಾರೆ.

ವಕೀಲರನ್ನು ಕಂಡೆ. “1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಮನೆ ಕೊಂಡವರೂ ನಿಮ್ಮ ಕರಾರಿಗೆ ಬದ್ಧರೇ, ಆದರೆ ಬದ್ಧರಾಗಲು ನಿಮ್ಮ ಕರಾರಿನಲ್ಲಿ ಏನಿದೆ?” ಎಂದರು. ಜನವರಿಯಲ್ಲಿ ಮನೆ ಬಿಟ್ಟೆವು. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಅವರು ಹಿಡಿದದ್ದು 22,000, ನಲ್ಲಿ ರಿಪೇರಿಗೆ ಮತ್ತೆ 3,500. ಮಳೆಗಾಲದಲ್ಲಿ ಮನೆಯೊಳಗೆ ಬಟ್ಟೆ ಒಣಗಿಸಿದ್ದರಿಂದ ಬೂಷ್ಟು ಬಂದಿತಂತೆ. ಮಲೆನಾಡಿನಲ್ಲಿ ಆಷಾಢದ ಬಟ್ಟೆಯನ್ನು ಹೊರಗೆ ಒಣಗಿಸುವವರನ್ನು ನಾನು ಇನ್ನೂ ನೋಡಬೇಕಾಗಿದೆ! ಒಡೆಸಲಿರುವ ಗೋಡೆಗೆ ಬಣ್ಣದ ಹಣ ಕೊಟ್ಟು ಬಂದವನು ನಾನೊಬ್ಬನೇ ಇರಬೇಕು.

ಆದ್ದರಿಂದ ಮುಂಗಡ ಕೊಡುವ ಮೊದಲು ಇ.ಸಿ. ತೆಗೆಸಿ. ಮಾಲೀಕರ ಕಡೆಯ ನೋಟಿಸನ್ನು ಕನಿಷ್ಠ ಮೂರು ತಿಂಗಳೆಂದೂ, ಪರೀಕ್ಷೆಯ ಮುಂಚೆ ಬಿಡಿಸುವಂತಿಲ್ಲವೆಂದೂ ಬರೆಯಿಸಿ. ಒಪ್ಪದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಬೇಸಿಗೆಯಲ್ಲಿ ಹೊಸ ಬಣ್ಣ ಕಂಡರೆ ಅಕ್ಕಪಕ್ಕದವರನ್ನು ಮಳೆಗಾಲದ ಬಗ್ಗೆ ಕೇಳಿ, ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಊರ ಕಡೆಯವರು ಎಂದರಂತೂ ಎಲ್ಲವನ್ನೂ ಎರಡು ಸಲ ಮಾಡಿ.

ರೂಢಿಗಿಂತ ಹೆಚ್ಚು ಹಿಡಿದ 14,500 ರೂಪಾಯಿ ಕೇಳಿ ನಾನು ಕಳಿಸಿದ ನಾಲ್ಕು ಸಂದೇಶಗಳಿಗೆ ಮಾಲೀಕರಿಂದ ಉತ್ತರ ಬಂದಿಲ್ಲ. ಬೆಳಿಗ್ಗೆ ಆರಕ್ಕೆ ಶುಭೋದಯದ ಚಿತ್ರ ಮಾತ್ರ ತಪ್ಪದೆ ಬರುತ್ತಿದೆ.