6 ವೇಟ್ ಫ್ಲೈ ಸೆಟ್: ರಾಡ್ ಇಟ್ಕೊಳ್ಳಿ, ಲೈನ್ ಬದಲಾಯಿಸಿ

ಅಲಾಸ್ಕಾ ಕಡೆಯ ತಣ್ಣೀರಿನ ಮೀನು ಪಿಂಕ್ ಸಾಲ್ಮನ್ ಹಿಡಿಯಲೆಂದು ಜೋಡಿಸಿದ ಫ್ಲೈ ಫಿಶಿಂಗ್ ಸೆಟ್‌ಗಳು ಈಗ ಆನ್‌ಲೈನಿನಲ್ಲಿ ದಾವಣಗೆರೆಗೂ ಬರುತ್ತವೆ. ನಾಲ್ಕು ತುಂಡಿನ ಒಂಬತ್ತಡಿ ಕಾರ್ಬನ್ ರಾಡ್, ಅಲ್ಯುಮಿನಿಯಂ ರೀಲ್, ಅದಕ್ಕೆ ಮೊದಲೇ ಸುತ್ತಿಟ್ಟ ಬ್ಯಾಕಿಂಗ್ (ಲೈನಿನ ಹಿಂದಿನ ಮೀಸಲು ದಾರ), ತೇಲುವ ಲೈನು, ಲೀಡರು (ಲೈನಿನ ತುದಿಗೂ ಫ್ಲೈಗೂ ನಡುವಿನ ಸಪೂರ ನೂಲು), ಜತೆಗೊಂದು ಸಣ್ಣ ಡಬ್ಬಿ ಗುಲಾಬಿ ಫ್ಲೈ, ಅಂದರೆ ಕೊಕ್ಕೆಗೆ ದಾರ, ಗರಿ ಕಟ್ಟಿ ಮಾಡಿದ ಹುಸಿ ಹುಳು. ಸೂಳೆಕೆರೆ, ಕೊಂಡಜ್ಜಿ ಕೆರೆ, ಹರಿಹರದ ತುಂಗಭದ್ರೆ, ಹಿರಿಯೂರು ಕಡೆ ಮಾರಿಕಣಿವೆ, ಈ ನೀರಿಗೆಲ್ಲ ಇದು ಒಗ್ಗುತ್ತದೆಯೇ? ರಾಡಿಗೆ ಕೊಟ್ಟ ದುಡ್ಡು ದಂಡವಲ್ಲ. ಲೈನು ಪೂರ್ತಿ ದಂಡ. ಫ್ಲೈಗಳು ಮುಕ್ಕಾಲು ಪಾಲು ದಂಡ.

ಬಿದಿರು ಕೋಲಿಗೆ ಎರೆಹುಳು ಸಿಕ್ಕಿಸಿ ಗಾಳ ಹಾಕಿದವರಿಗೆ ಮೊದಲು ಒಂದು ಮಾತು. ಸ್ಪಿನ್ನಿಂಗ್ ರಾಡಿನಲ್ಲಿ ಸೀಸದ ಗುಂಡೋ ಲ್ಯೂರೋ (ಹುಸಿ ಮೀನು) ಮುಂದೆ ಹಾರಿ ನೂಲನ್ನು ಎಳೆದೊಯ್ಯುತ್ತದೆ. ಫ್ಲೈಗೆ ಹೇಳಿಕೊಳ್ಳುವಂಥ ತೂಕವಿಲ್ಲ, ಇಲ್ಲಿ ದಪ್ಪನೆಯ ಲೈನೇ ಹಾರಬೇಕು, ಫ್ಲೈ ಅದರ ಬೆನ್ನಿಗೆ ಹೋಗುತ್ತದೆ. ರಾಡಿನ ಮೇಲೆ ಬರೆದ 6 ಅನ್ನುವುದು ಆ ಲೈನಿನ ತೂಕದ ಅಂಕಿ: ಮೊದಲ 30 ಅಡಿ 160 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ. 8 ವೇಟ್‌ಗೆ ಅದು 210 ಗ್ರೇನ್. ಹಾಗಾಗಿ ಲೈನು ಕೆಟ್ಟದ್ದಾದರೆ ರಾಡು ಎಷ್ಟೇ ಚೆನ್ನಾಗಿದ್ದರೂ ಕೆಲಸ ಕೆಟ್ಟಂತೆಯೇ.

ಈ ಸೆಟ್ ಕೆಡುವುದೂ ಅಲ್ಲೇ. ಅಲಾಸ್ಕಾ, ಬ್ರಿಟಿಷ್ ಕೊಲಂಬಿಯಾ ಕಡೆಯ ಹೊಳೆಗಳ ತಣ್ಣೀರಿನಲ್ಲೂ ಸುರುಳಿ ಸುತ್ತಿಕೊಳ್ಳದೆ ನೆಟ್ಟಗೆ ನಿಲ್ಲಲಿ ಎಂದು ಲೈನಿನ ಮೇಲ್ಲೇಪ ಮೆತ್ತಗೆ, ಒಳಗಿನ ಎಳೆಯೂ ಮೆತ್ತಗೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಅದು ಕೊಳೆತ ಹಗ್ಗದಂತಾಗುತ್ತದೆ. ರಾಡಿನುದ್ದಕ್ಕೂ ಇರುವ ಗೈಡುಗಳಲ್ಲಿ (ಲೈನು ಹಾಯುವ ಬಳೆಗಳಲ್ಲಿ) ಜಾರುವುದಿಲ್ಲ, ಅಂಟುತ್ತದೆ. ಬೆಳಿಗ್ಗೆ ಏಳಕ್ಕೆ ಐವತ್ತಡಿ ಹೋದ ಲೈನು ಹನ್ನೊಂದಕ್ಕೆ ಮೂವತ್ತೈದು ದಾಟುವುದಿಲ್ಲ, ಎಸೆಯುವವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಇನ್ನಷ್ಟು ಜೋರು ಮಾಡಿದರೆ ಲೈನಿನ ಕುಣಿಕೆ ತನ್ನನ್ನೇ ದಾಟಿ ಲೀಡರಿನಲ್ಲಿ ಗಂಟು ಬೀಳುತ್ತದೆ. ಆ ಒಂದು ಗಂಟಿಗೆ ನೂಲಿನ ಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ದೊಡ್ಡ ಮೀನು ಕಿತ್ತುಕೊಂಡು ಹೋಗುವುದು ಬಹಳ ಸಲ ಇಲ್ಲೇ.

ದಾರಿ ಒಂದೇ: ಬಿಸಿ ನೀರಿಗೆಂದೇ ಮಾಡಿದ, ಟ್ರಾಪಿಕಲ್ ಎಂದು ಬರೆದಿರುವ ಡಬ್ಲ್ಯುಎಫ್6ಎಫ್ (ಮುಂಭಾಗ ಭಾರದ, 6 ವೇಟಿನ, ತೇಲುವ) ಲೈನು. ಅದಕ್ಕೆ ಒಳಗೆ ಗಟ್ಟಿ ಎಳೆ, ಮೇಲೆ ಗಟ್ಟಿ ಲೇಪ. ಈ ರಾಡು ಸ್ವಲ್ಪ ಬಿಗಿ ಇರುವುದರಿಂದ 7 ವೇಟ್ ಲೈನನ್ನೂ ತಾಳುತ್ತದೆ. ಏರಿಯ ಮೇಲೆ ಹಿಂದೆ ಜಾಗ ಕಡಿಮೆ ಇರುವಲ್ಲಿ ಹತ್ತಿರದ ಎಸೆತಕ್ಕೆ ಅದೇ ಹಿತ. ಸಂಜೆ ಹೊತ್ತು ಕೈಗೆ ಹಚ್ಚುವ ಸೊಳ್ಳೆ ಮುಲಾಮು ಲೈನಿನ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಅಂಗೈ, ಬೆರಳು ತೊಳೆದೇ ಲೈನು ಮುಟ್ಟಿ. ಬಿಸಿಲಲ್ಲಿ ನಿಂತ ಬೈಕಿನ ಬಾಕ್ಸಿನಲ್ಲಿ ರೀಲು ಬಿಡಬೇಡಿ. ಕೆರೆ ನೀರಿನ ಪಾಚಿ, ಮಣ್ಣು ಲೈನಿಗೆ ಹತ್ತುವುದರಿಂದ ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಎಳೆದರೆ ಮತ್ತೆ ಚೆನ್ನಾಗಿ ತೇಲುತ್ತದೆ.

ರಾಡು ನಿಜಕ್ಕೂ ಚೆನ್ನಾಗಿದೆ. ಪಿಂಕ್ ಸಾಲ್ಮನ್ ಪೆಸಿಫಿಕ್ ಸಾಲ್ಮನ್‌ಗಳಲ್ಲೇ ಚಿಕ್ಕದು, ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಕಿಲೋ. ಅಷ್ಟು ಮೀನನ್ನು ಹರಿವ ನೀರಲ್ಲಿ ತಡೆಯಲು ಮಾಡಿದ ರಾಡಿಗೆ ನಮ್ಮ ಜಿಲೇಬಿ ಮೀನು ಲೆಕ್ಕಕ್ಕಿಲ್ಲ, ಗೌರಿ ಮೀನು ಸಿಕ್ಕರೂ ಹೆದರಿಕೆಯಿಲ್ಲ. ಕೊರಮೀನಿನ ವಿಷಯ ಬೇರೆ. ಕಚ್ಚಿದ ತಕ್ಷಣ ಅದು ಜೊಂಡಿನೊಳಗೆ ನುಗ್ಗುತ್ತದೆ, ಎರಡೇ ಸೆಕೆಂಡಿನಲ್ಲಿ ತಿರುಗಿಸದಿದ್ದರೆ ಮುಗಿಯಿತು. ಅದಕ್ಕೆ 8 ವೇಟೇ ಬೇಕು.

ರಾಡು ಮುರಿಯುವುದು ಬಹಳ ಸಲ ನಮ್ಮ ಹಳೇ ಅಭ್ಯಾಸದಿಂದ. ಬಿದಿರು ಕೋಲಿನಲ್ಲಿ ಮೀನನ್ನು ಎತ್ತಿ ಹಿಂದಕ್ಕೆ ಒಗೆಯುವುದು ಸರಿ, ಕಾರ್ಬನ್‌ನಲ್ಲಿ ಹಾಗೆ ಮಾಡಿದರೆ ತುದಿ ತುಂಡು ಪಟ್ಟೆಂದು ಹೋಗುತ್ತದೆ. ಮೀನು ಕಾಲ ಬುಡಕ್ಕೆ ಬಂದಾಗ ರಾಡನ್ನು ತಲೆಯ ಹಿಂದಕ್ಕೆ ಬಾಗಿಸಬಾರದು, ಓರೆಯಾಗಿ ಹಿಡಿದು ಕೈಬಲೆಗೆ ತಳ್ಳಬೇಕು. ಸೂಳೆಕೆರೆ ಏರಿಯ ಕಲ್ಲು ಕಟ್ಟಣೆ ಮೇಲೆ ನಿಲ್ಲುವವರಿಗೆ ಉದ್ದ ಹಿಡಿಯ ಕೈಬಲೆ ಇಲ್ಲದೆ ನಡೆಯುವುದಿಲ್ಲ. ತುಂಡುಗಳ ಕೀಲು ಎಸೆಯುತ್ತಾ ಎಸೆಯುತ್ತಾ ಸಡಿಲವಾಗುತ್ತದೆ; ಅರ್ಧ ಗಂಟೆಗೊಮ್ಮೆ ತಿರುಚಿ ಬಿಗಿ ಮಾಡಿ, ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಹಿಡಿತ ನಿಲ್ಲುತ್ತದೆ. ಸೆಟ್ ಕಳಿಸುವವರ ಬಳಿ ತುದಿ ತುಂಡು ಬಿಡಿಯಾಗಿ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ರೀಲಿನ ಬಗ್ಗೆ ಹೆಚ್ಚೇನಿಲ್ಲ. ಮೀನು ಎಳೆದಾಗ ಲೈನನ್ನು ತಡೆತಡೆದು ಬಿಡುವ ಡಿಸ್ಕ್ ಡ್ರ್ಯಾಗ್ ಸಾಕಷ್ಟು ನಯವಾಗಿದೆ. ಎಡಗೈಯಲ್ಲಿ ಸುತ್ತುವಂತೆ ಬರುತ್ತದೆ, ಬಲಗೈಗೆ ಬೇಕಾದರೆ ಒಳಗಿನ ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಬೇರಿಂಗ್ ತೆಗೆದು ಮಗುಚಿ ಹಾಕಬೇಕು. ಮರಳು ಹೊಕ್ಕರೆ ಕಿರುಗುಡುತ್ತದೆ.

ಫ್ಲೈಗಳಿಗೆ ಬಂದರೆ, ಹೊಳೆಗೆ ಏರಿದ ಪಿಂಕ್ ಸಾಲ್ಮನ್ ಮೊಟ್ಟೆಯಿಡಲು ಬಂದದ್ದು, ಮೇಯುವುದಿಲ್ಲ. ಕಣ್ಣಿಗೆ ಹೊಡೆಯುವ ಗುಲಾಬಿಗೆ ಕೆರಳಿಯೋ ಸಿಟ್ಟಿಗೋ ಬಾಯಿ ಹಾಕುತ್ತದೆ. ನಮ್ಮ ಮೀನು ಹೊಟ್ಟೆಗಾಗಿ ಕಚ್ಚುವುದು. ಜಿಲೇಬಿಗೆ 10, 12 ನಂಬರಿನ ಕೊಕ್ಕೆಯ (ನಂಬರು ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು) ಮೇಲೆ ಕಂದು, ಹಸಿರುಗಪ್ಪು ನಿಂಫ್ (ನೀರೊಳಗಿನ ಹುಳದ ಮರಿಯಂಥ ಫ್ಲೈ), ನಿಧಾನ ಎಳೆತ. ಕೊರಮೀನಿಗೆ ಕಳೆ ಹಿಡಿಯದಂತೆ ತಂತಿ ಕಟ್ಟಿದ ಕಪ್ಪೆ ಪಾಪರ್ (ನೀರ ಮೇಲೆ ತೇಲಿ ಸದ್ದು ಮಾಡುವ ಫ್ಲೈ). ಡಬ್ಬಿಯಲ್ಲಿನ 6 ನಂಬರಿನ ಕೊಕ್ಕೆಗಳು ಜಿಲೇಬಿಯ ಬಾಯಿಗೆ ದೊಡ್ಡವು. ಅವುಗಳ ಜತೆ ಬರುವ ಮಣಿಗಣ್ಣಿನ ಬಿಳಿ ಕ್ಲೌಸರ್ ಎಂಬ ಫ್ಲೈ ಇದ್ದರೆ ಮಾತ್ರ ಉಳಿಸಿಕೊಳ್ಳಿ, ಹರಿಹರದ ಹೊಳೆಯಲ್ಲಿ ಸಣ್ಣ ಮೀನಿನ ಹಾಗೆ ಕಾಣಲು ಸರಿಯಿದೆ. ಆದರೆ ಅದರ ಭಾರದ ಕಣ್ಣು ತಪ್ಪು ಎಸೆತದಲ್ಲಿ ರಾಡಿಗೆ ಬಡಿದರೆ ಅಲ್ಲೇ ಕೂದಲೆಳೆಯ ಬಿರುಕು, ಮುಂದಿನ ಮೀನಿಗೆ ಮುರಿತ. ಲೀಡರು ಒಂಬತ್ತಡಿ, ಜಿಲೇಬಿಗೆ 3ಎಕ್ಸ್ (ಎಕ್ಸ್ ಅಂಕಿ ಹೆಚ್ಚಿದಷ್ಟೂ ನೂಲಿನ ತುದಿ ಸಪೂರ), ಕೊರಮೀನಿಗೆ 0ಎಕ್ಸ್‌ಗಿಂತ ದಪ್ಪ.

ಕಲಿಯುವವರಿಗೆ ಕೊಂಡಜ್ಜಿ ಕೆರೆ ಬೆಳಿಗ್ಗೆ ಹೊತ್ತು ಒಳ್ಳೆಯದು. ಮಾರಿಕಣಿವೆಯಲ್ಲಿ ಬಿಸಿಲೇರಿದಂತೆ ಗಾಳಿ ಏಳುತ್ತದೆ. ಗಾಳಿಗೆ ಎದುರು ನಿಂತು ಎಸೆಯುವ ಬದಲು ಗಾಳಿ ಎಡಭುಜಕ್ಕೆ ಬಡಿಯುವಂತೆ ನಿಂತರೆ ಫ್ಲೈ ಕಿವಿಗೆ ಚುಚ್ಚುವುದಿಲ್ಲ (ಬಲಗೈಯವರಿಗೆ). ಭದ್ರಾ ನಾಲೆಯ ದಂಡೆಯಲ್ಲಿ ಹಿಂದಕ್ಕೆ ಬೀಸುವ ಮೊದಲು ತಲೆ ಎತ್ತಿ ನೋಡಿ: ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ, ಪಂಪ್‌ಸೆಟ್ ತಂತಿಗಳು ಎಲ್ಲೆಲ್ಲೂ ಇವೆ. ಕೆರೆಯಲ್ಲಿ ಮೀನಿನ ಹಕ್ಕು ಸೊಸೈಟಿಗೋ ಗುತ್ತಿಗೆದಾರರಿಗೋ ಇರುವುದು ಸಾಮಾನ್ಯ, ಅವರನ್ನು ಕೇಳದೆ ಗಾಳ ಹಾಕಿದರೆ ಜಗಳ. ಸಾಧ್ಯವಿದ್ದರೆ ಈ ರಾಡು, ರೀಲು ಎರಡನ್ನೇ ಲೈನಿಲ್ಲದೆ ಕೊಡುತ್ತಾರೆಯೇ ವಿಚಾರಿಸಿ. ಉಳಿದ ಹಣವನ್ನು ಲೈನಿಗೆ ಹಾಕಿ.