ಮಗಳ ಕೋಣೆಗೆ ತಂದ ಡಿಹ್ಯೂಮಿಡಿಫೈಯರ್: ಮಂಗಳೂರಿನ ಮಳೆಗಾಲದಲ್ಲಿ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಮನೆ ಇದ್ದು, ಮನೆಯಲ್ಲಿ ಉಬ್ಬಸದ ಮಗು ಇದ್ದರೆ ಗಾಳಿಯಲ್ಲಿನ ತೇವ ಹಿಡಿದು ನೀರಾಗಿಸುವ ಈ ಯಂತ್ರಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ. ಆದರೆ ಗೋಡೆಯೊಳಗೆ ನೀರು ಇಳಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಯಂತ್ರದ ಮಾತು ಆಮೇಲೆ.

ನಮ್ಮದು ತಾರಸಿಯ ಬಾಡಿಗೆ ಮನೆ. ಮಗಳು ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದೆ, ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಗಾಳಿ ಮಳೆ ಎರಡೂ ಅದಕ್ಕೇ ಬಡಿಯುತ್ತವೆ. ಕಪಾಟು ಸ್ವಲ್ಪ ಸರಿಸಿದರೆ ಹಿಂದೆ ಕಪ್ಪು ಚುಕ್ಕೆಗಳು, ಮೂಲೆಯಲ್ಲಿ ಹಸಿರು. ಸ್ಕೂಲ್ ಬ್ಯಾಗಿನ ಪಟ್ಟಿಯ ಮೇಲೆ ಬಿಳಿ ಬೂಷ್ಟು, ಒರೆಸಿದರೆ ನಾಲ್ಕು ದಿನದಲ್ಲಿ ಮತ್ತೆ. ಮಗಳಿಗೆ ರಾತ್ರಿಯಾದರೆ ಕೆಮ್ಮು, ಎದೆಗೆ ಕಿವಿ ಇಟ್ಟರೆ ಸುಯ್ ಸುಯ್ ಸದ್ದು. ಮಕ್ಕಳ ಡಾಕ್ಟರ್ ಇನ್ಹೇಲರ್ ಬರೆದುಕೊಟ್ಟು, ಮನೆಯಲ್ಲಿ ಬೂಷ್ಟು ಇದೆಯಾ ಅಂತ ಕೇಳಿದರು. ಅಲ್ಲಿಂದ ಶುರುವಾಯಿತು ಈ ಹುಡುಕಾಟ.

ನಾನು ತಂದದ್ದು ಕಂಪ್ರೆಸರ್ ಇರುವ ಯಂತ್ರ, ಪೆಟ್ಟಿಗೆ ಮೇಲೆ ದಿನಕ್ಕೆ 20 ಲೀಟರ್ ಅಂತ ಬರೆದಿತ್ತು, ಬೆಲೆ 18,000 ಚಿಲ್ಲರೆ. ಕಂಪನಿ ಹೆಸರು ಬರೆಯುವುದಿಲ್ಲ, ಈ ಅಳತೆಯವು ಹೆಚ್ಚುಕಮ್ಮಿ ಒಂದೇ ಥರ ಇವೆ. ಆ 20 ಲೀಟರ್ ಲೆಕ್ಕ ಮಾತ್ರ ಅರ್ಥ ಮಾಡಿಕೊಳ್ಳಿ. ಸಾಮಾನ್ಯವಾಗಿ 30 ಡಿಗ್ರಿ ಬಿಸಿ, 80 ಪರ್ಸೆಂಟ್ ತೇವ ಇರುವಾಗ ಅಳೆದದ್ದು ಅದು. ಹವೆ ತಣ್ಣಗಾದಷ್ಟೂ ನೀರು ಕಡಿಮೆ ಸಿಗುತ್ತದೆ. ನಮ್ಮ ಕರಾವಳಿಗೆ ಇದು ಸರಿಹೋಗುತ್ತದೆ, ಆದರೆ ಮಡಿಕೇರಿಯ ಜುಲೈ ಚಳಿಯಲ್ಲಿ ಇಷ್ಟು ಎಳೆಯುವುದಿಲ್ಲ. ಅಲ್ಲಿಯವರು ಡೆಸಿಕೆಂಟ್ ಥರದ್ದನ್ನೂ, ಅಂದರೆ ತೇವ ಹೀರುವ ಪದಾರ್ಥದಿಂದ ಕೆಲಸ ಮಾಡುವಂಥದ್ದನ್ನೂ ವಿಚಾರಿಸಿ ನೋಡಿ.

ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ ಮುದ್ದಾದ ಪುಟ್ಟ ಯಂತ್ರಗಳು ಸಿಗುತ್ತವೆ, ಒಳಗೆ ಕಂಪ್ರೆಸರ್ ಬದಲು ಪೆಲ್ಟಿಯರ್ ಚಿಪ್ (ಕರೆಂಟ್ ಹರಿದಾಗ ಒಂದು ಬದಿ ತಣ್ಣಗಾಗುವ ಬಿಲ್ಲೆ) ಇರುವಂಥವು. ಅವು ಇಡೀ ದಿನ ಓಡಿದರೂ ಒಂದು ಲೋಟದಷ್ಟು ನೀರು ಹಿಡಿದರೆ ಹೆಚ್ಚು. ಕಪಾಟಿನೊಳಗೆ ಇಡಬಹುದು, ಕೋಣೆಗೆ ಸುತರಾಂ ಸಾಲದು.

ಯಂತ್ರದ ಜೊತೆಗೆ ಒಂದು ತೇವಾಂಶ ಮೀಟರ್ ತೆಗೆದುಕೊಳ್ಳಿ, ನಾನೂರು ಐನೂರು ರೂಪಾಯಿಗೆ ಸಿಗುತ್ತದೆ. ಅದಿಲ್ಲದೆ ಯಂತ್ರ ಕೆಲಸ ಮಾಡ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಜಡಿಮಳೆಯ ದಿನ ಸಂಜೆ ಮೀಟರ್ 88 ತೋರಿಸುತ್ತಿತ್ತು. ಬಾಗಿಲು ಕಿಟಕಿ ಹಾಕಿ ಯಂತ್ರ ಹಚ್ಚಿದ ಮೇಲೆ ಊಟ ಮುಗಿಸಿ ಬರುವಷ್ಟರಲ್ಲಿ 60ರ ಹತ್ತಿರ ಇಳಿದು, ಮಗಳು ಮಲಗುವ ಹೊತ್ತಿಗೆ 55. ಬೂಷ್ಟು ಬೇಡ ಅಂದರೆ 60ಕ್ಕಿಂತ ಕೆಳಗೆ ಇರಬೇಕು, 50ರ ಆಸುಪಾಸು ಇನ್ನೂ ಒಳ್ಳೆಯದು. ಹಾಸಿಗೆಯ ಧೂಳಿನ ನುಸಿಗೂ ತೇವ ಬೇಕು, ಅದೂ ಕಡಿಮೆಯಾಗುತ್ತದೆ. ಬೆಳಗ್ಗೆ ಟ್ಯಾಂಕ್ ಎತ್ತಿದಾಗ ಕೈಗೆ ಸಿಗುವ ಭಾರ ಇದೆಯಲ್ಲ, ಇಷ್ಟು ನೀರು ಮಗು ಉಸಿರಾಡುವ ಗಾಳಿಯಲ್ಲಿತ್ತಾ ಅಂತ ಗಾಬರಿಯಾಗುತ್ತದೆ. ಆ ನೀರು ಕುಡಿಯೋಕೆ ಆಗದು, ನೆಲ ಒರೆಸೋಕೆ ಬಳಸುತ್ತೇನೆ.

ಕಿಟಕಿ ತೆರೆದಿಟ್ಟು ಓಡಿಸಿದರೆ ಏನೂ ಉಪಯೋಗವಿಲ್ಲ, ಹೊರಗಿನ ಒದ್ದೆ ಗಾಳಿ ಬರುತ್ತಲೇ ಇರುತ್ತದೆ. ಸದ್ದು ಇದೆ, ಹಳೇ ಫ್ರಿಜ್‌ನಷ್ಟು. ಕೋಣೆ ಸ್ವಲ್ಪ ಬಿಸಿಯೂ ಆಗುತ್ತದೆ. ಹಾಗಾಗಿ ನಾವು ಸಂಜೆ ಜೋರಾಗಿ ಓಡಿಸಿ ರಾತ್ರಿ ನಿಧಾನಕ್ಕೆ ಇಡುತ್ತೇವೆ. ಹಗಲು ಇನ್ನೊಂದು ಕೋಣೆಯಲ್ಲಿ ಹಗ್ಗ ಕಟ್ಟಿ, ಯೂನಿಫಾರ್ಮ್ ಒಣಗಿಸೋಕೂ ಇದೇ ಯಂತ್ರ. ಮಗು ಮಲಗುವಲ್ಲಿ ಒದ್ದೆ ಬಟ್ಟೆ ಹರವುವುದನ್ನು ಪೂರ್ತಿ ಬಿಟ್ಟೆವು.

ಕರೆಂಟ್ ವಿಷಯ. ಸುಮಾರು 350 ವಾಟ್ ಎಳೆಯುತ್ತದೆ. ದಿನಕ್ಕೆ 8 ಗಂಟೆ ಅಂದರೆ ತಿಂಗಳಿಗೆ 84 ಯೂನಿಟ್. ಗೃಹಜ್ಯೋತಿ ಇರುವವರು ಇಲ್ಲಿ ಎಚ್ಚರ: ನಿಮ್ಮ ಸರಾಸರಿಯ ಮೇಲೆ ಸಿಗುವುದು ಸ್ವಲ್ಪ ಯೂನಿಟ್ ಮಾತ್ರ, ಅದಕ್ಕಿಂತ ಜಾಸ್ತಿಯಾದದ್ದಕ್ಕೆ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಕೊಳ್ಳುವ ಮೊದಲೇ ಹಳೇ ಬಿಲ್ಲು ತೆಗೆದು ಲೆಕ್ಕ ಹಾಕಿ.

ಒಂದು ದೂರು ಇದೆ. ಟ್ಯಾಂಕ್ ತುಂಬದಿದ್ದರೂ ತುಂಬಿದೆ ಅಂತ ಕೆಂಪು ದೀಪ ಹತ್ತಿ ಯಂತ್ರ ನಿಂತುಬಿಡುತ್ತಿತ್ತು. ಫೋನ್ ಮಾಡಿದರೆ ಬೆಂಗಳೂರಿಗೆ ಕಳಿಸಿ ಅಂದರು. ಮಳೆಗಾಲದ ಮಧ್ಯೆ ಮಗುವಿನ ಕೋಣೆಯ ಯಂತ್ರ ಕಳಿಸಿ ಕೂರೋಕಾಗುತ್ತಾ? ಕೊನೆಗೆ ಪರಿಚಯದ ಎಸಿ ಮೆಕ್ಯಾನಿಕ್ ಬಂದು, ಟ್ಯಾಂಕಿನೊಳಗೆ ತೇಲುವ ಬಿರಡೆ ಸಿಕ್ಕಿಕೊಂಡದ್ದನ್ನು ಬಿಡಿಸಿಕೊಟ್ಟರು. ಸರ್ವಿಸ್ ನಿಮ್ಮ ಊರಲ್ಲಿ ಇದೆಯಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಇನ್ನು ಗೋಡೆ. ಗಾಳಿ ಒಣಗಿಸುವುದು ಯಂತ್ರದ ಕೆಲಸ, ಬಿರುಕು ಮುಚ್ಚುವುದು ಅಲ್ಲ. ನಮ್ಮ ಕಿಟಕಿಯ ಸಜ್ಜಾದ ಮೇಲೆ ಬಿರುಕು ಇತ್ತು, ಅಲ್ಲಿ ರಿಪೇರಿ ಆಗುವವರೆಗೂ ಚುಕ್ಕೆ ಬರುತ್ತಲೇ ಇತ್ತು. ಮನೆ ಮಾಲೀಕರು ಮೊದಲು ಪುಟ್ಟಿ ಹಚ್ಚಿ ಪೇಂಟ್ ಹೊಡೆಸಿದ್ದರು, ಒಂದೇ ಮಳೆಗೆ ಸಿಪ್ಪೆ ಎದ್ದು ಬಂತು. ಬ್ಲೀಚಿಂಗ್ ನೀರು ಹಾಕಿದರೆ ಬಣ್ಣ ಹೋಗುತ್ತದೆ, ಗೋಡೆಯೊಳಗಿನ ತೇವ ಹಾಗೇ ಇರುತ್ತದೆ. ತಿಕ್ಕುವಾಗ ಮಗುವನ್ನು ಅಜ್ಜಿ ಮನೆಗೆ ಕಳಿಸಿ, ಮಾಸ್ಕ್ ಹಾಕಿಕೊಂಡು ಸೋಪಿನ ನೀರಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಒಣ ಬ್ರಷ್ ಬೇಡ, ಪುಡಿ ಪೂರ್ತಿ ಗಾಳಿಗೆ ಏಳುತ್ತದೆ. ವಾಸನೆಗೆ ಅಂತ ಸಾಂಬ್ರಾಣಿ ಹೊಗೆ, ನುಸಿಗುಳಿಗೆ ಎರಡೂ ಉಬ್ಬಸದ ಮಗುವಿನ ಕೋಣೆಯಲ್ಲಿ ಬೇಡವೇ ಬೇಡ.

ಬರೀ ಬೂಷ್ಟು ತಾನೇ, ಮಳೆಗಾಲ ಮುಗಿದರೆ ಹೋಗುತ್ತೆ ಅನ್ನುವವರು ಬಹಳ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರಲ್ಲಿ ಅವಾಬ್ ಇಸ್ಹಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಿಂದ ಬಂದ ಉಸಿರಾಟದ ತೊಂದರೆಯೇ ಕಾರಣ ಅಂತ 2022ರಲ್ಲಿ ವಿಚಾರಣೆ ನಡೆಸಿದ ಕರೋನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ಹೇಳಿದರು. ಆ ಮಗುವಿನ ಹೆಸರಲ್ಲೇ ಅಲ್ಲಿ ಕಾನೂನು ಬಂದಿದೆ. ನಮ್ಮಲ್ಲಿ ಬಾಡಿಗೆ ಮನೆ ತೋರಿಸುವಾಗ ಈ ಮಾತು ಯಾರೂ ಎತ್ತುವುದಿಲ್ಲ. ಏಪ್ರಿಲ್‌ನಲ್ಲಿ ಹೊಸ ಪೇಂಟ್ ಹೊಡೆದ ಮನೆ ನೋಡಲು ಹೋದಾಗ, ಮಳೆಯಲ್ಲಿ ಯಾವ ಗೋಡೆ ಒದ್ದೆಯಾಗುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ.

ಮಗಳ ರಾತ್ರಿಯ ಕೆಮ್ಮು ತುಂಬಾ ಕಡಿಮೆಯಾಗಿದೆ. ಅದು ಯಂತ್ರವೊಂದರಿಂದಲೇ ಅಂತ ಹೇಳುವುದಿಲ್ಲ, ಸಜ್ಜಾ ರಿಪೇರಿಯಾಗಿದೆ, ಇನ್ಹೇಲರ್ ಕೂಡ ನಡೆದಿದೆ. ಇನ್ಹೇಲರ್ ಅಭ್ಯಾಸವಾಗಿಬಿಡುತ್ತೆ ಅಂತ ನೆಂಟರು ಹೇಳಿದರೆಂದು ದಯವಿಟ್ಟು ನಿಲ್ಲಿಸಬೇಡಿ. ಹಾಗೇನೂ ಆಗುವುದಿಲ್ಲ, ಕಡಿಮೆ ಮಾಡುವುದಿದ್ದರೆ ಡಾಕ್ಟರ್ ಹೇಳುತ್ತಾರೆ. ಬೆಂಗಳೂರಿನ ಒಣ ಹವೆಯ ಮನೆಯವರಿಗೆ ಈ ಯಂತ್ರ ಬೇಕಾಗುವುದಿಲ್ಲ, ಸೋರುವ ಪೈಪ್ ಸರಿಮಾಡಿಸಿ ಕಿಟಕಿ ತೆರೆದರೆ ಬಹುಪಾಲು ಸಾಕು. ಉಡುಪಿ, ಮಂಗಳೂರು, ಕಾರವಾರದ ಕಡೆಯವರು ಮಾತ್ರ ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ.